ಮುನಿಸ್ವಾಮಪ್ಪನ ಕೈಯಳತೆ

ಬೇತಮಂಗಲದಿಂದ ಬೆಳಿಗ್ಗೆ ಆರೂಕಾಲಿಗೆ ಕೆಜಿಎಫ್ ಕಡೆ ಹೊರಡುವ ಬಸ್ಸಿನಲ್ಲಿ ಎಡಗಡೆಯ ಮೂರನೇ ಸೀಟು ಅಂಜನಮ್ಮನದು. ಹಾಗಂತ ಯಾರೂ ಬರೆದುಕೊಟ್ಟಿಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಜಾಗದಲ್ಲಿ ಕೂತರೆ ಉಳಿದವರು ತಾವಾಗಿಯೇ ಬೇರೆ ಸೀಟು ನೋಡಿಕೊಳ್ಳುತ್ತಾರೆ. ಕಿಟಕಿಯ ಪಕ್ಕ ಮಾತ್ರ ಅವಳು ಕೂರುವುದಿಲ್ಲ. ಅಲ್ಲಿ ಅವಳ ಚೀಲ ಕೂರುತ್ತದೆ. ಚೀಲದಲ್ಲಿ ಸುತ್ತಿಟ್ಟ ಒಂದು ತಂತಿ, ಎಂಟು ಮೊಳೆ, ಒಂದು ಸುತ್ತಿಗೆ, ಸುಣ್ಣ ಬಳಿಯುವ ಬ್ರಷ್ಷು. ಮೂರು ವರ್ಷದ ಹಿಂದಿನ ತನಕ ಆ ಜಾಗದಲ್ಲಿ ಅವಳ ಗಂಡ ಮುನಿಸ್ವಾಮಪ್ಪ ಕೂರುತ್ತಿದ್ದ, ಚೀಲ ಅವನ ತೊಡೆಯ ಮೇಲಿರುತ್ತಿತ್ತು.

ಕಂಡಕ್ಟರ್ ವೇಣುವಿಗೆ ಬಾಯಿ ಸುಮ್ಮನಿರುವುದಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ದಿನಾ ಅದೇ ಮಾತು. "ನಿಂಗೇನೋ ಫ್ರೀ ಕಣಕ್ಕ, ನಿನ್ ಚೀಲಕ್ಕೆ ಟಿಕೆಟ್ ತಗೋಬೇಕಾಯ್ತದೆ." ಅಂಜನಮ್ಮ ನಗುವುದೂ ಇಲ್ಲ, ಬೈಯುವುದೂ ಇಲ್ಲ. ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುವುದಂತೂ ಇಲ್ಲ.

ಅವಳ ಕೆಲಸ ಕ್ಲಬ್ಬಿನ ಟೆನಿಸ್ ಕೋರ್ಟು ನೋಡಿಕೊಳ್ಳುವುದು. ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಅರ್ಧ ಗಂಟೆ ನಡೆದರೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಬೆಳ್ಳಗೆ ಕಾಣುವ ಕಡೆ, ಹಳೆಯ ಮರಗಳ ನಡುವೆ ಆ ಕ್ಲಬ್ಬು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಣಿಯ ದೊರೆಗಳು ಆಡುತ್ತಿದ್ದರಂತೆ. ಈಗ ಕಾರ್ಖಾನೆಯ ಸ್ಟಾಫು ಆಡುತ್ತಾರೆ. ಧಾರವಾಡದವರು, ಮಂಡ್ಯದವರು, ಎಲ್ಲೆಲ್ಲಿಂದಲೋ ವರ್ಗವಾಗಿ ಬಂದವರು, ಸಂಜೆ ಐದೂವರೆಗೆ ಬಿಳಿ ಬೂಟು ಹಾಕಿಕೊಂಡು ಬಂದು ಒಂದು ಗಂಟೆ ಏದುಸಿರು ಬಿಟ್ಟು ಹೋಗುತ್ತಾರೆ. ನಾಲ್ಕು ಕೋರ್ಟು, ನಾಲ್ಕೂ ಮಣ್ಣಿನವು. ಹುತ್ತದ ಮಣ್ಣು, ಬೇತಮಂಗಲದ ಕೆರೆಯ ಗೋಡುಮಣ್ಣು, ಇಟ್ಟಿಗೆ ಪುಡಿ ಮೂರನ್ನೂ ಜರಡಿ ಹಿಡಿದು, ಬೆರೆಸಿ, ನೀರು ಕೊಟ್ಟು, ರೋಲರ್ ಎಳೆದು ಮಾಡಿದ ನೆಲ. ಹುತ್ತದ ಮಣ್ಣು ಅಂದರೆ ಸಿಕ್ಕ ಸಿಕ್ಕ ಹುತ್ತದ್ದಲ್ಲ. ಅರಿಶಿನ ಕುಂಕುಮ ಬಿದ್ದ ಹುತ್ತವನ್ನು ಮುನಿಸ್ವಾಮಪ್ಪ ಮುಟ್ಟುತ್ತಿರಲಿಲ್ಲ. ಬೀಳು ಹೊಲದಲ್ಲಿ ಯಾರೂ ಹಾಲೆರೆಯದ ಹುತ್ತ ಹುಡುಕಿಕೊಂಡು ಗಂಡ ಹೆಂಡತಿ ಮೈಲಿಗಟ್ಟಲೆ ಅಲೆಯುತ್ತಿದ್ದರು.

ಅವನು ಹುಟ್ಟಾ ಕೋರ್ಟಿನ ಕೆಲಸದವನೇನಲ್ಲ. ಬೇಸಾಯದ ಮನೆಯವನು. ಮದುವೆಯಾದ ಐದನೇ ವರ್ಷ ಸ್ವಂತ ಹೊಲದಲ್ಲಿ ಬಾವಿ ತೋಡುವಾಗ ಬಂಡೆ ಜಾರಿ ಅವನ ಬಲಗೈ ಮೇಲೆ ಬಿತ್ತು. ಕೈ ಉಳಿಯಿತು, ಆದರೆ ಮೂರು ಬೆರಳು ಅಂಗೈ ಕಡೆಗೆ ಮಡಚಿಕೊಂಡು ಮತ್ತೆ ಬಿಚ್ಚಲೇ ಇಲ್ಲ. ಕುಡುಗೋಲು ನಿಲ್ಲುತ್ತಿರಲಿಲ್ಲ. ಹಾಲು ಕರೆಯಲು ಕೂತರೆ, ಅವನ ಹಿಡಿತಕ್ಕೆ ನೋವಾಗಿ ಅವನೇ ಸಾಕಿದ ಹಸು ಒದೆಯಿತು. ಅವತ್ತು ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಹೆಚ್ಚೂ ಕಡಿಮೆ ಒಂದು ವರ್ಷ ಮಾತೇ ಆಡಲಿಲ್ಲ. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಮಾತಾಡಬೇಕಾದವಳು ಅವಳೊಬ್ಬಳೇ, ಅವಳಾದರೂ ಗೋಡೆಯ ಜೊತೆ ಎಷ್ಟು ಮಾತಾಡಿಯಾಳು.

ಆಗ ಕ್ಲಬ್ಬಿನಲ್ಲಿ ಕೋರ್ಟು ನೋಡಿಕೊಳ್ಳಲು ಗಂಡ ಹೆಂಡತಿ ಬೇಕು ಎಂದು ಗೊತ್ತಾಗಿ, ಅವಳೇ ಅವನನ್ನು ಎಬ್ಬಿಸಿ, ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ತೊಡಿಸಿ, ಈ ಬಸ್ಸು ಹತ್ತಿಸಿದಳು. ರೋಲರ್ ಎಳೆಯಲು ಎದೆ ಸಾಕು, ನೀರು ಬಿಡಲು ಎಡಗೈ ಸಾಕು. ಗೆರೆ ಎಳೆಯುವ ಕೆಲಸ ಬಂದಾಗ ಅಳತೆ ಹಿಡಿಯುತ್ತೇನೆ ಎಂದು ತಾನೇ ಮುಂದೆ ಬಂದ.

ಈ ಅಳತೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಡೀ ಕತೆ ನಿಂತಿರುವುದೇ ಅದರ ಮೇಲೆ. ಕೋರ್ಟಿನ ನಡುವೆ ನೆಟ್ಟು. ನೆಟ್ಟಿನಿಂದ ಹಿಂದಿನ ಕೊನೆಯ ಗೆರೆಗೆ ಮೂವತ್ತೊಂಬತ್ತು ಅಡಿ, ಈ ಕಡೆ ಅಷ್ಟು, ಆ ಕಡೆ ಅಷ್ಟು. ಹಳೆಯ ನೆಟ್ಟಿನ ಉಕ್ಕಿನ ತಂತಿಯನ್ನು ಸರಿಯಾಗಿ ಆ ಉದ್ದಕ್ಕೆ ಕತ್ತರಿಸಿ, ಒಂದು ತುದಿಗೆ ಉಂಗುರ ಮಾಡಿ ಕೊಟ್ಟಿದ್ದರು. ನೆಟ್ಟಿನ ಕೆಳಗೆ ಹೂತ ಮೊಳೆಗೆ ಉಂಗುರ ಸಿಕ್ಕಿಸಿ, ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು, ಅದು ಮುಗಿದಲ್ಲಿ ಮೊಳೆ ಹೊಡೆದರೆ ಮೂಲೆ ಸಿಕ್ಕಿತು. ಒಬ್ಬರೇ ಮಾಡಬಹುದಾದ ಕೆಲಸ. ಆದರೆ ಮುನಿಸ್ವಾಮಪ್ಪನಿಗೆ ಉಂಗುರವನ್ನು ಮೊಳೆಗೆ ಹಾಕುವುದು ಸೇರುತ್ತಿರಲಿಲ್ಲ. "ಮೊಳೆಗೇನ್ ಗೊತ್ತಾಯ್ತದೆ ಬಿಗಿ ಎಷ್ಟು, ಸಡಿಲ ಎಷ್ಟು ಅಂತ. ಕೈಗಾದ್ರೆ ಗೊತ್ತಾಯ್ತದೆ" ಎನ್ನುತ್ತಿದ್ದ. ಮಡಚಿದ ಮೂರು ಬೆರಳಿಗೆ ತಂತಿಯನ್ನು ಕೊಕ್ಕೆಗೆ ಹಾಕಿದಂತೆ ಹಾಕಿಕೊಂಡು, ಮುಷ್ಟಿಯನ್ನು ಮೊಳೆಯ ಮೇಲಿಟ್ಟು ಕೂರುತ್ತಿದ್ದ. ಎಳೆದಷ್ಟೂ ಆ ಬೆರಳು ಬಿಡುತ್ತಿರಲಿಲ್ಲ. ಕುಡುಗೋಲಿಗೆ ಬಾರದ ಕೈ, ಹಸು ಒದ್ದ ಕೈ, ಇದಕ್ಕೆ ಬಂತು.

ಆ ತುದಿಯಿಂದ ಅಂಜನಮ್ಮ "ಐತಾ?" ಎಂದು ಕೂಗುತ್ತಿದ್ದಳು. ಈ ತುದಿಯಿಂದ ಅವನು "ಐತೆ" ಎನ್ನುತ್ತಿದ್ದ. ಅವಳು ಮೊಳೆ ಹೊಡೆಯುತ್ತಿದ್ದಳು. ಒಂದು ವರ್ಷ ಗೋಡೆ ನೋಡಿಕೊಂಡು ಮಲಗಿದ್ದವನ ಬಾಯಿಂದ ಬಂದ ಆ ಒಂದು ಮಾತು ಅವಳಿಗೆ ಎಷ್ಟೋ ದಿನ ಬಸ್ಸಿನಲ್ಲೂ ಕೇಳಿಸುತ್ತಿತ್ತು.

ಸೇರಿ ಒಂದು ತಿಂಗಳಾಗಿರಬೇಕು. ಅವನು ಟೀ ಕುಡಿಯಲು ಹೋದಾಗ ಅವಳಿಗೆ ಯಾಕೋ ಅನುಮಾನ ಬಂದು ಉಂಗುರವನ್ನು ಮೊಳೆಗೇ ಸಿಕ್ಕಿಸಿ ಎಳೆದು ನೋಡಿದಳು. ತಂತಿ ತಾವು ಹೊಡೆದ ಮೂಲೆಯ ಮೊಳೆಯನ್ನು ದಾಟಿ ಎರಡು ಬೆರಳಷ್ಟು ಆಚೆ ಹೋಯಿತು. ಇನ್ನೊಂದು ಮೂಲೆಯಲ್ಲಿ ನೋಡಿದಳು, ಅಲ್ಲೂ ಎರಡು ಬೆರಳು. ಅವನ ಮಡಚಿದ ಬೆರಳನ್ನು ಸುತ್ತಿಕೊಂಡು ಬರುವುದರಲ್ಲಿ ತಂತಿ ಅಷ್ಟು ಗಿಡ್ಡವಾಗುತ್ತಿತ್ತು. ಅವನ ಕೈಯಳತೆ ತಪ್ಪು, ಪ್ರತಿ ಸಲವೂ ತಪ್ಪು, ಪ್ರತಿ ಸಲವೂ ಅಷ್ಟೇ ತಪ್ಪು.

ಹೇಳಿದ್ದರೆ ಒಂದು ನಿಮಿಷದ ಮಾತು. ಅವಳಿಗೆ ಆ ಗೋಡೆ ಕಣ್ಣ ಮುಂದೆ ಬಂತು. ಮಾರನೆಯ ದಿನದಿಂದ ಅವಳು ತಂತಿಯ ತುದಿಯ ಆಚೆ ಎಡಗೈಯ ಎರಡು ಬೆರಳನ್ನು ಜೋಡಿಸಿ ನೆಲಕ್ಕೆ ಇಟ್ಟು, ಅದರಾಚೆ ಮೊಳೆ ಹೊಡೆಯತೊಡಗಿದಳು. ಮೂವತ್ತೊಂಬತ್ತು ಅಡಿ ದೂರದಲ್ಲಿ ಕೂತವನಿಗೆ ಅದು ಕಾಣುತ್ತಿರಲಿಲ್ಲ. ಹಾಗೆ ಇಪ್ಪತ್ತಾರು ವರ್ಷ.

ಇದರ ನಡುವೆ ಗೋಪಾಲ್ ಎಂಬವರಿಂದ ಒಂದು ಕೆಲಸವಾಯಿತು. ಅವರು ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನವರು, ಅಳತೆ ಎಂದರೆ ಪ್ರಾಣ. ಒಂದು ಭಾನುವಾರ ಸ್ಟೀಲ್ ಟೇಪು ತಂದು ನಾಲ್ಕೂ ಕೋರ್ಟು ಅಳೆದರು. ಒಂದೊಂದು ಗೆರೆಯೂ ಕರಾರುವಾಕ್ಕು. ಟೇಪಿಲ್ಲದೆ, ಉಂಗುರವನ್ನು ಮೊಳೆಗೂ ಸಿಕ್ಕಿಸದೆ, ಬರಿಗೈಯಲ್ಲಿ, ಅದೂ ಅಂಥ ಕೈಯಲ್ಲಿ! ಗೋಪಾಲ್ ಬೆರಗಾಗಿ ಹೋದರು. ಮುನಿಸ್ವಾಮಪ್ಪನ ಕೈಯಳತೆ ಎಂಬ ಮಾತು ಕ್ಲಬ್ಬಿನಲ್ಲಿ ಹುಟ್ಟಿದ್ದು ಅವತ್ತು. ಆಮೇಲೆ ಬಂದ ಪ್ರತಿ ಹೊಸ ಮೆಂಬರಿಗೂ ಅವನ ಕೈ ತೋರಿಸುವುದು ಒಂದು ಪದ್ಧತಿಯೇ ಆಯಿತು. ಅವನು ನಾಚಿಕೊಂಡು ಮುಷ್ಟಿ ಮುಂದೆ ಹಿಡಿಯುತ್ತಿದ್ದ. ಮೊದಲು ಟವಲ್ಲಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದ ಕೈ ಅದು. ಅಂಜನಮ್ಮ ದೂರದಲ್ಲಿ ಸುಣ್ಣ ಕಲಸುತ್ತ ಒಳಗೊಳಗೇ ನಗುತ್ತಿದ್ದಳು. ಇಷ್ಟು ಸಂತೋಷ ಕೊಟ್ಟ ಸುಳ್ಳು ಅವಳ ಬಾಳಿನಲ್ಲಿ ಇನ್ನೊಂದಿರಲಿಲ್ಲ.

ಮುನಿಸ್ವಾಮಪ್ಪ ತೀರಿಕೊಂಡದ್ದು ಜ್ವರದಲ್ಲಿ, ನಾಲ್ಕೇ ದಿನದಲ್ಲಿ. ಹದಿಮೂರನೆಯ ದಿನ ಕಳೆದು ಅವಳು ಕೆಲಸಕ್ಕೆ ಬಂದಳು. ಉಂಗುರವನ್ನು ಮೊಳೆಗೆ ಸಿಕ್ಕಿಸಿದಳು, ಬೇರೆ ದಾರಿ ಇರಲಿಲ್ಲ. ಆ ತುದಿಗೆ ಹೋಗಿ ಎಳೆದಳು. "ಐತಾ?" ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಮೊಳೆ ಹೊಡೆದಳು. ಮೊದಲ ದಿನ ನುಂಗುವುದು ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು. ಮನೆಯಲ್ಲೂ ಹಾಗೇ. ಪಕ್ಕದ ಮನೆಯ ಓರಗಿತ್ತಿ ಚಿಕ್ಕವೆಂಕಟಮ್ಮ ಸಂಜೆ ಬಾಗಿಲಲ್ಲಿ ನಿಂತು "ಉಂಡ್ಯಾ ಅಕ್ಕ" ಎಂದು ಕೇಳುತ್ತಿದ್ದಳು, ಉತ್ತರ ಬರುವ ಮೊದಲೇ ಅವಳ ಹಸುಗಳು ಕರೆಯುತ್ತಿದ್ದವು. ದಿನಕ್ಕೆ ಅಂಜನಮ್ಮ ಆಡುವ ಮಾತು ಹತ್ತೋ ಹನ್ನೆರಡೋ, ಅದರಲ್ಲಿ ಅರ್ಧ ವೇಣುವಿನ ಬಸ್ಸಿನಲ್ಲಿ ಇಳಿಯುವಾಗ ದಾರಿ ಬಿಡಿ ಎನ್ನುವುದು.

ಹೀಗಿರುವಾಗ ಟೂರ್ನಿ ಬಂತು.

ಮಣ್ಣಿನ ಕೋರ್ಟಿನಲ್ಲೇ ಆಡುವ, ಗಂಡಸರಿಗೂ ಹೆಂಗಸರಿಗೂ ಸೇರಿದ, ಹೊಟ್ಟೆಪಾಡಿಗೆ ಟೆನಿಸ್ ಆಡುವವರ ಟೂರ್ನಿ. ಹದಿನಾಲ್ಕು ದೇಶದವರು ಬರುತ್ತಾರೆ ಎಂದು ಕ್ಲಬ್ಬಿನ ಸೆಕ್ರೆಟರಿ ಸುಧಾಕರ್ ಎಲ್ಲರನ್ನೂ ನಿಲ್ಲಿಸಿ ಹೇಳಿದರು. ದಾವಣಗೆರೆ ಕಡೆಯವರು, ಕಾರ್ಖಾನೆಯಲ್ಲಿ ದೊಡ್ಡ ಹುದ್ದೆ, ಗಡಿಬಿಡಿಯ ಮನುಷ್ಯ. ಮೂರು ಕೋರ್ಟಿನಲ್ಲಿ ಪಂದ್ಯ, ನಾಲ್ಕನೆಯದು ಸಾಮಾನು ಇಡಲು. ದೇಶದಲ್ಲಿ ಎಲ್ಲ ಕಡೆ ಮಣ್ಣು ಕಿತ್ತು ಸಿಮೆಂಟು ಹಾಕಿಕೊಂಡಿದ್ದಾರೆ, ನಿಮ್ಮಲ್ಲಿ ಮಾತ್ರ ಇಂಥ ನೆಲ ಉಳಿದಿದೆ ಎಂದು ಟೂರ್ನಿಯ ಕಡೆಯಿಂದ ಬಂದವರು ಹೊಗಳಿದರಂತೆ. ಸುಧಾಕರ್ ಆ ಹೊಗಳಿಕೆಯನ್ನು ಅಂಜನಮ್ಮನಿಗೆ ದಾಟಿಸಿ, ಅದೇ ಉಸಿರಿನಲ್ಲಿ ಇನ್ನೊಂದು ಹೇಳಿದರು.

"ಗೆರೆಗೆ ಪ್ಲಾಸ್ಟಿಕ್ ಪಟ್ಟಿ ತರಿಸ್ತೀನಿ ಅಂಜನಮ್ಮ. ಬೆಂಗಳೂರಿನ ಕಂಟ್ರಾಕ್ಟರ್ ಬಂದು ಮೊಳೆ ಹೊಡೆದು ಹೋಗ್ತಾನೆ. ಆಮೇಲೆ ವರ್ಷಗಟ್ಟಲೆ ಸುಣ್ಣದ ತಲೆನೋವಿಲ್ಲ. ನಿಮಗೂ ಕೆಲಸ ಹಗುರ."

ನೀರು ಹಾಕುವುದು, ನೆಲದ ಮೇಲೆ ಹಳೆಯ ಬಲೆ ಎಳೆದು ಸಮ ಮಾಡುವುದು, ಗುಡಿಸುವುದು, ಇವೆಲ್ಲ ಯಾರು ಬೇಕಾದರೂ ಮಾಡುವ ಕೂಲಿ. ಗೆರೆ ಒಂದೇ ಅವರಿಬ್ಬರ ಕೆಲಸವಾಗಿತ್ತು. ಅದು ಹೋದರೆ ಚೀಲದಲ್ಲಿ ಇಟ್ಟುಕೊಳ್ಳಲು ಏನೂ ಇರುವುದಿಲ್ಲ ಎಂದು ಅವಳಿಗೆ ತಟಕ್ಕನೆ ಹೊಳೆಯಿತು.

"ಬ್ಯಾಡ ಸಾರ್" ಎಂದಳು. "ಗೆರೆ ನಾನೇ ಎಳೀತೀನಿ. ಇಪ್ಪತ್ತೊಂಬತ್ತು ವರ್ಸ ಎಳ್ದಿವ್ನಿ. ನಮ್ಮೆಜಮಾನ್ರು ಆಕಿದ ನೆಲ ಸಾರ್ ಇದು. ಇದ್ರಲ್ಲಿ ಸುಣ್ಣಾನೇ ಇರ್ಲಿ."

ಅವಳು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ಸುಧಾಕರ್ ಕಂಡಿರಲಿಲ್ಲ. ತಲೆ ಕೆರೆದುಕೊಂಡರು. ಗೋಪಾಲ್ ಈಗ ರಿಟೈರ್ ಆಗಿ ದಿನವಿಡೀ ಕ್ಲಬ್ಬಿನಲ್ಲೇ ಕೂರುತ್ತಿದ್ದರು, ಅವರು ಅವಳ ಪರ ಮಾತಾಡಿದರು. ಕೊನೆಗೆ ಒಂದು ತೀರ್ಮಾನವಾಯಿತು. ಹೊರಗಿನಿಂದ ಬರುವ ರೆಫರಿ ಅಳೆದು ಒಪ್ಪಿದರೆ ಸುಣ್ಣ. ಒಪ್ಪದಿದ್ದರೆ ಪಟ್ಟಿ, ಆಮೇಲೂ ಪಟ್ಟಿಯೇ.

ಗೋಪಾಲ್ ಇನ್ನೊಂದು ಕೆಲಸ ಮಾಡಿಸಿದರು. ರಾಬರ್ಟ್‌ಸನ್‌ಪೇಟೆಯ ಪೇಂಟರ್ ಹತ್ತಿರ ನೀಲಿ ಬೋರ್ಡಿನಲ್ಲಿ ಬಿಳಿ ಅಕ್ಷರ ಬರೆಸಿ ತಂದು, ಪೇಪರ್ ಸುತ್ತಿ ಒಂದನೇ ಕೋರ್ಟಿನ ಗೇಟಿಗೆ ಒರಗಿಸಿಟ್ಟರು. ಉದ್ಘಾಟನೆಯ ದಿನ ಬಿಚ್ಚುವುದಕ್ಕೆ. "ನೋಡಮ್ಮ, ನಿನಗೆ ಮಾತ್ರ ತೋರಿಸ್ತೀನಿ" ಎಂದು ಪೇಪರಿನ ಮೂಲೆ ಸರಿಸಿದರು. ಅಂಜನಮ್ಮ ಕೂಡಿಸಿ ಕೂಡಿಸಿ ಓದಿದಳು. ಮುನಿಸ್ವಾಮಪ್ಪ ಕೋರ್ಟ್. ಕೂದಲೆಳೆಯಷ್ಟೂ ತಪ್ಪದ ಕೈ. ಅವಳು ಸೆರಗಿನಿಂದ ಬೋರ್ಡಿನ ಧೂಳು ಒರೆಸಿದಳು. ಹೊಸ ಬೋರ್ಡು, ಧೂಳೇನೂ ಇರಲಿಲ್ಲ.

ರೆಫರಿ ಶ್ಯಾಮಲ ಮೈಸೂರಿನವರು. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ವಾರಕ್ಕೊಂದು ಊರು ಸುತ್ತಿ ಸವೆದ ಒಂದು ಸೂಟ್‌ಕೇಸು. ಶನಿವಾರ ಬೆಳಿಗ್ಗೆ ಬಂದು ಕೋರ್ಟಿನ ಮಧ್ಯೆ ಕೂತು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, "ಇಂಥ ನೆಲ ನಾನು ಎಲ್ಲೂ ನೋಡಿಲ್ಲ" ಎಂದರು. ಅಂಜನಮ್ಮನ ಎದೆ ಉಬ್ಬಿತು. ಹಿಂದಿನ ದಿನವಷ್ಟೇ ಎಳೆದ ಗೆರೆಗಳು ಎಳೆಬಿಸಿಲಿಗೆ ಹೊಳೆಯುತ್ತಿದ್ದವು. ಶ್ಯಾಮಲ ಬ್ಯಾಗಿನಿಂದ ಸ್ಟೀಲ್ ಟೇಪು ತೆಗೆದರು. ನೆಟ್ಟಿನ ಹತ್ತಿರದ ತುದಿಯನ್ನು ಗೋಪಾಲ್ ಹಿಡಿದರು.

"ನಾಲ್ಕು ಸೆಂಟಿಮೀಟರ್ ಜಾಸ್ತಿ ಇದೆ" ಎಂದರು ಶ್ಯಾಮಲ.

ಇನ್ನೊಂದು ಮೂಲೆ. ಅಲ್ಲೂ ನಾಲ್ಕು. ನೆಟ್ಟಿನ ಆ ಕಡೆ ಹೋದರು, ಎರಡು ಮೂಲೆಯಲ್ಲೂ ನಾಲ್ಕು. ಎರಡನೇ ಕೋರ್ಟು, ಮೂರನೇ ಕೋರ್ಟು, ಎಲ್ಲ ಕಡೆ ಅಷ್ಟೇ. ಶ್ಯಾಮಲ ಹುಬ್ಬು ಗಂಟಿಕ್ಕಿ, "ತಪ್ಪು ಅಂದ್ರೆ ಹೆಚ್ಚು ಕಡಿಮೆ ಇರುತ್ತೆ. ಇಷ್ಟು ಸಮನಾದ ತಪ್ಪು ನಾನು ನೋಡಿಲ್ಲ" ಎಂದರು.

ಗೋಪಾಲರ ಮುಖ ಸಪ್ಪಗಾಯಿತು. "ಮುನಿಸ್ವಾಮಪ್ಪ ಇದ್ದಾಗ ನಾನೇ ಟೇಪ್ ಹಿಡಿದು ನೋಡಿದ್ದೀನಿ ಮೇಡಂ. ಒಂದು ಕೂದಲೆಳೆ ಆಚೀಚೆ ಇರ್ತಿರಲಿಲ್ಲ." ಹಾಗೆಂದು ಅಂಜನಮ್ಮನ ಕಡೆ ನೋಡಿದರು.

ಅಂಜನಮ್ಮನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ತಂತಿ ಅದೇ, ಮೊಳೆ ಅದೇ. ಶ್ಯಾಮಲ ತಂತಿಯನ್ನೇ ಅಳೆದರು, ಸರಿಯಾಗಿಯೇ ಇತ್ತು. "ನನ್ನ ಮುಂದೆ ಒಂದು ಸಲ ಅಳೀರಿ" ಎಂದರು. ಅಂಜನಮ್ಮ ಉಂಗುರವನ್ನು ಮೊಳೆಗೆ ಸಿಕ್ಕಿಸಿ, ಆ ತುದಿಗೆ ನಡೆದು, ಕುಕ್ಕರುಗಾಲಲ್ಲಿ ಕೂತು, ಬಿಗಿಯಾಗಿ ಎಳೆದಳು. ತುದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಎಡಗೈಯ ಎರಡು ಬೆರಳು ತಾವಾಗಿಯೇ ಜೋಡಿಕೊಂಡು ನೆಲಕ್ಕೆ ಕೂತವು. ಅದರಾಚೆ ಮೊಳೆ ಇಟ್ಟಳು.

"ಆ ಬೆರಳು ಯಾಕಮ್ಮ?" ಎಂದು ಶ್ಯಾಮಲ ಕೇಳಿದರು.

ಅಂಜನಮ್ಮ ಕೆಳಗೆ ನೋಡಿದಳು. ಕೆಂಪು ಮಣ್ಣಿನ ಮೇಲೆ ತನ್ನದೇ ಎರಡು ಬೆರಳು. ಅವನ ಕೈ ನುಂಗಿದ್ದನ್ನು ತುಂಬಿಕೊಡುವುದಕ್ಕೆ ಇಟ್ಟ ಬೆರಳು. ಆ ತುದಿಯಲ್ಲಿ ಅವನ ಕೈ ಇಲ್ಲದೆ ಮೂರು ವರ್ಷವಾಗಿತ್ತು, ಅಲ್ಲಿ ಇದ್ದದ್ದು ಬರೀ ಮೊಳೆ. ತಾನೇ ಉಂಗುರ ಸಿಕ್ಕಿಸಿ, ತಾನೇ ನಡೆದು ಬಂದು, ದಿನ ದಿನವೂ ಅವನು ಅಲ್ಲಿ ಕೂತಿದ್ದಾನೆ ಎಂಬಂತೆ ಬೆರಳಿಟ್ಟಿದ್ದಳು. ಅವಳ ಬಾಯಿಗೆ ಗೊತ್ತಾಗಿತ್ತು, ಅದು ಕೂಗುವುದನ್ನು ನಿಲ್ಲಿಸಿತ್ತು. ಬೆರಳಿಗೆ ಯಾರೂ ಹೇಳಿರಲಿಲ್ಲ.

ಅವಳು ಬೆರಳನ್ನು ಎತ್ತಲಿಲ್ಲ.

ಶ್ಯಾಮಲ ಅವಳ ಪಕ್ಕದಲ್ಲೇ ಕೂತರು. ಕೆಟ್ಟ ಹೆಂಗಸಲ್ಲ. "ನೋಡಿ, ತಿದ್ದೋದು ಸುಲಭ. ಇವತ್ತೇ ಅಳಿಸಿ ಎಳೀಬಹುದು. ಆದ್ರೆ ಯಾಕೆ ಹೀಗಾಯ್ತು ಅಂತ ನನಗೆ ಗೊತ್ತಾಗಬೇಕು. ಕಾರಣ ಗೊತ್ತಾದ್ರೆ ಸುಣ್ಣಕ್ಕೇ ಸಹಿ ಹಾಕ್ತೀನಿ. ಕಾರಣ ಇಲ್ಲದ ತಪ್ಪು ನಾಳೆ ಮಳೆ ಬಂದು ಮತ್ತೆ ಎಳೆಯುವಾಗ ಮತ್ತೆ ಆಗುತ್ತೆ."

ಕಾರಣ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಗೆರೆ ಉಳಿಯುತ್ತಿತ್ತು. ಮೇಡಂ, ತಪ್ಪು ನನ್ನದಲ್ಲ, ಅವರ ಕೈ ಎರಡು ಬೆರಳು ಕಮ್ಮಿ ಹಿಡಿಯುತ್ತಿತ್ತು, ಇಪ್ಪತ್ತಾರು ವರ್ಷ ನಾನು ತುಂಬಿಕೊಟ್ಟೆ. ಇಷ್ಟೇ. ಅವಳು ತಲೆ ಎತ್ತಿದಳು. ಗೋಪಾಲ್ ಗೇಟಿನ ಹತ್ತಿರ ನಿಂತಿದ್ದರು, ಅವರ ಕಾಲ ಬಳಿ ಪೇಪರ್ ಸುತ್ತಿದ ಬೋರ್ಡು. ಹೇಳಿದರೆ, ಟವಲ್ಲಿನಿಂದ ಹೊರಗೆ ಬಂದ ಆ ಕೈಯನ್ನು ಮತ್ತೆ ಟವಲ್ಲಿನಲ್ಲಿ ಮುಚ್ಚಬೇಕು. ಮುಚ್ಚಿಕೊಳ್ಳಲು ಅವನಿಲ್ಲ, ತಾನೇ ಮುಚ್ಚಬೇಕು.

"ವಯ್ಸಾಯ್ತು ಮೇಡಂ" ಎಂದಳು. "ಕಣ್ಣು ಸರ್ಯಾಗಿ ಕಾಣ್ಸಲ್ಲ. ಎಂಗೋ ಎಳ್ದಿವ್ನಿ."

ಸುಧಾಕರ್ ಆಗಲೇ ಫೋನು ತೆಗೆದಿದ್ದರು. ಸಂಜೆಯ ಹೊತ್ತಿಗೆ ಬೆಂಗಳೂರಿನಿಂದ ವ್ಯಾನು ಬಂತು. ಇಬ್ಬರು ಬಂದು ಲೇಸರ್ ಇಟ್ಟು ನೋಡಿ ಬಿಳಿ ಪಟ್ಟಿ ಹಾಸಿ, ಗೇಣಿಗೊಂದು ಮೊಳೆ ಹೊಡೆದರು. ಇಪ್ಪತ್ತೊಂಬತ್ತು ವರ್ಷದ ಕೆಲಸ ಮೂರು ಗಂಟೆಯಲ್ಲಿ ಮುಗಿಯಿತು. ಹಳೆಯ ಸುಣ್ಣ ಉಜ್ಜಿ ತೆಗೆಯುವುದನ್ನು ಅಂಜನಮ್ಮನಿಗೇ ಹೇಳಿದರು. ಅವಳು ಉಜ್ಜಿದಳು.

ಸೋಮವಾರ ಉದ್ಘಾಟನೆ. ಬೋರ್ಡಿನ ಪೇಪರ್ ಬಿಚ್ಚಿದರು. ಗೋಪಾಲ್ ಮೈಕು ಹಿಡಿದು ಮುನಿಸ್ವಾಮಪ್ಪನ ಬಗ್ಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಮಾತಾಡಿದರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಗೆರೆ ತಪ್ಪಲಿಲ್ಲ ಎಂದರು, ಆ ಕೈ ಹೋಯಿತು, ಇನ್ನು ಪಟ್ಟಿಯೇ ಗತಿ ಎಂದರು. ಕೆಲವರು ತಿರುಗಿ ಅಂಜನಮ್ಮನನ್ನು ನೋಡಿದರು, ಆ ನೋಟದಲ್ಲಿ ಅಯ್ಯೋ ಪಾಪವೂ ಇತ್ತು, ಕೆಡಿಸಿದಳಲ್ಲ ಎಂಬುದೂ ಇತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಸ್ವಲ್ಪ ಹೆಚ್ಚು ಹೊತ್ತೇ ತಟ್ಟಿದಳು.

ಆ ವಾರವೆಲ್ಲ ಕ್ಲಬ್ಬು ಗಿಜಿಗಿಜಿ ಎನ್ನುತ್ತಿತ್ತು. ಎತ್ತರದ ಗಂಡಸರು ಜಾರಿ ಜಾರಿ ಚೆಂಡು ಹೊಡೆಯುತ್ತಿದ್ದರು, ಜಾರಿದಲ್ಲಿ ನೆಲಕ್ಕೆ ಉದ್ದನೆಯ ಗೀರು ಬೀಳುತ್ತಿತ್ತು. ಹೆಣ್ಣುಮಕ್ಕಳು ಚೆಂಡು ಹೊಡೆಯುವಾಗ ಹೆರಿಗೆಯ ಹಾಗೆ ನರಳುವುದನ್ನು ಕೇಳಿ ಅಂಜನಮ್ಮ ಮೊದಮೊದಲು ಗಾಬರಿಯಾದಳು. ಒಂದೊಂದು ಸೆಟ್ಟು ಮುಗಿದಾಗಲೂ ಅವಳು ಬಲೆ ಎಳೆದು, ಗೀರು ಅಳಿಸಿ, ಪಟ್ಟಿಯ ಮೇಲಿನ ಮಣ್ಣು ಗುಡಿಸಿ ಹೊರಗೆ ಬರಬೇಕು. ನೂರು ಜನ ನೋಡುತ್ತಿರುತ್ತಿದ್ದರು, ಒಬ್ಬರೂ ಅವಳನ್ನು ನೋಡುತ್ತಿರಲಿಲ್ಲ. ಮೊದಲ ದಿನವೇ ಸೋತ ಯಾವುದೋ ದೇಶದ ಹುಡುಗಿಯೊಬ್ಬಳು ನಾಲ್ಕನೇ ಕೋರ್ಟಿನಲ್ಲಿ ರೋಲರಿನ ಮೇಲೆ ಕೂತು ಬಾಳೆಹಣ್ಣು ಸುಲಿದು ಹಿಡಿದುಕೊಂಡೇ ಅಳುತ್ತಿದ್ದಳು. ಭಾಷೆಯಿಲ್ಲದ ಅಂಜನಮ್ಮ ಸ್ವಲ್ಪ ದೂರದಲ್ಲಿ ಕೂತಳು. ಹುಡುಗಿ ಹಣ್ಣಿನ ಅರ್ಧ ಮುರಿದು ಕೊಟ್ಟಳು. ಇಬ್ಬರೂ ತಿಂದರು. ಅವಳ ಆಟೋ ಬಂತು, ಹೋದಳು.

ಭಾನುವಾರ ಹೆಂಗಸರ ಫೈನಲ್ಲು. ಪುಣೆಯ ಹುಡುಗಿಗೂ ಹೊರದೇಶದವಳಿಗೂ ಸಮಸಮ ನಡೆದಿತ್ತು. ಪುಣೆಯವಳು ಹೊಡೆದ ಚೆಂಡು ಹಿಂದಿನ ಪಟ್ಟಿಯ ಹತ್ತಿರ ಬಿತ್ತು. ಔಟ್ ಎಂದರು. ಅವಳು ಒಪ್ಪಲಿಲ್ಲ. ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಗುರುತು ಉಳಿಯುತ್ತದೆ, ಎತ್ತರದ ಕುರ್ಚಿಯಿಂದ ಅಂಪೈರು ಇಳಿದು ಬಂದು ಗುರುತಿನ ಮೇಲೆ ಬಾಗಿ ನೋಡಿದರು. ಪಟ್ಟಿಗೂ ಗುರುತಿಗೂ ನಡುವೆ ಚೂರು ಕೆಂಪು ನೆಲ. ಔಟೇ. ಬೇಲಿಯ ಪಕ್ಕ ಬಲೆ ಹಿಡಿದು ನಿಂತಿದ್ದ ಅಂಜನಮ್ಮನಿಗೆ ಆ ಜಾಗ ಚೆನ್ನಾಗಿ ಗೊತ್ತಿತ್ತು. ಹಿಂದಿನ ವಾರದ ಶನಿವಾರದ ತನಕ ಅಲ್ಲಿ ಸುಣ್ಣವಿತ್ತು. ಆಟ ಮುಗಿದ ಮೇಲೆ ಒಳಗೆ ಹೋಗಿ ಆ ಗುರುತನ್ನೂ ಬಲೆಯಲ್ಲಿ ಅಳಿಸಿದಳು.

ಸಂಜೆ ಶ್ಯಾಮಲ ಬಂಗಾರಪೇಟೆಗೆ ಹೋಗಿ ರೈಲು ಹಿಡಿಯಬೇಕಿತ್ತು. ಆಟೋ ನಿಲ್ಲಿಸಿ, ಸೂಟ್‌ಕೇಸು ಅದರಲ್ಲಿಟ್ಟು, ಅಂಜನಮ್ಮನನ್ನು ಹುಡುಕಿಕೊಂಡು ನಲ್ಲಿಯ ಹತ್ತಿರ ಬಂದರು.

"ನಿಮ್ಮ ಕಣ್ಣು ಚೆನ್ನಾಗೇ ಇದೆ" ಎಂದರು. "ವಾರ ಪೂರ್ತಿ ನೋಡಿದ್ದೀನಿ. ಅಷ್ಟು ದೂರದಿಂದ ಒಂದು ಸಣ್ಣ ಕಲ್ಲು ಕಂಡು ಹೋಗಿ ಆರಿಸ್ತೀರಿ. ಆ ಎರಡು ಬೆರಳು ಯಾಕೆ ಇಟ್ರಿ? ನಾನು ಯಾರಿಗೂ ಹೇಳಲ್ಲ. ಹೊರಟವಳು ನಾನು."

ಮೂರು ವರ್ಷದಲ್ಲಿ ಅವಳನ್ನು ಯಾರಾದರೂ ನಿಂತು ಕೇಳಿದ ಮೊದಲ ಪ್ರಶ್ನೆ ಅದು. ಹೇಳಿಬಿಡೋಣ ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟಳು. ಇಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ಏನಿಲ್ಲ ಮೇಡಂ, ಅಬ್ಯಾಸ. ನೀವು ಉಸಾರಾಗಿ ಓಗ್ಬನ್ನಿ. ಬಂಗಾರಪೇಟೆ ಸ್ಟೇಸನ್ನಲ್ಲಿ ಮೆಟ್ಲು ಬೋ ಎತ್ರ."

ಆಟೋ ಹೋದ ಮೇಲೆ ಎಷ್ಟೋ ಹೊತ್ತು ನೀರು ಹರಿಯುತ್ತಲೇ ಇತ್ತು.

ಸೋಮವಾರ ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ. ಬಾವುಟದ ದಾರ, ನೀರಿನ ಬಾಟಲು ಬಿದ್ದಿದ್ದವು. ಒಂದು, ಎರಡು, ಮೂರನೇ ಕೋರ್ಟನ್ನು ಗುಡಿಸಿ, ನೀರು ಹಾಕಿ, ಅವಳು ನಾಲ್ಕನೆಯದಕ್ಕೆ ಬಂದಳು. ಅಲ್ಲಿ ಪಟ್ಟಿ ಹಾಕಿರಲಿಲ್ಲ. ಸಾಮಾನು ತುಂಬಿದ ಮೇಲೆ ಅಲ್ಲಿ ಯಾರೂ ಆಡುತ್ತಲೂ ಇರಲಿಲ್ಲ. ಗೆರೆ ಎಳೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಸಾಮಾನು ಸರಿಸಿ, ರೋಲರ್ ಪಕ್ಕಕ್ಕೆ ದೂಡಿ, ಚೀಲದಿಂದ ತಂತಿ ತೆಗೆದಳು.

ಉಂಗುರವನ್ನು ಮೊಳೆಗೆ ಸಿಕ್ಕಿಸಿದಳು. ಆಮೇಲೆ ಏನನ್ನಿಸಿತೋ ತೆಗೆದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಈ ತುದಿಯಲ್ಲಿ ಕೂತವಳೇ ಅಲ್ಲ. ನೆಟ್ಟಿನ ಕೆಳಗೆ ಅವನು ಕೂರುತ್ತಿದ್ದ ಜಾಗದಲ್ಲಿ ಕೂತು, ಬಲಗೈಯ ಮೂರು ಬೆರಳನ್ನು ಅವನ ಹಾಗೆ ಮಡಚಿ, ತಂತಿಯನ್ನು ಅದಕ್ಕೆ ಹಾಕಿಕೊಂಡು, ಮುಷ್ಟಿಯನ್ನು ಮೊಳೆಯ ಮೇಲಿಟ್ಟಳು. ಇಲ್ಲಿಂದ ಆ ತುದಿ ಎಷ್ಟು ದೂರ ಕಾಣುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅಲ್ಲಿ ಕೂತವಳ ಮುಖ ಕಾಣುತ್ತಿತ್ತೇನೋ, ಬೆರಳಂತೂ ಕಾಣುವಂತಿರಲಿಲ್ಲ. ತಂತಿಯ ಆ ಕೊನೆ ಎಳೆಯುವವರಿಲ್ಲದೆ ಮಣ್ಣಿನ ಮೇಲೆ ಸುರುಳಿಯಾಗಿ ಬಿದ್ದಿತ್ತು.

"ಐತೆ" ಎಂದಳು, ಯಾರೂ ಕೇಳದಿದ್ದರೂ.

ಮುಷ್ಟಿ ನೋಯತೊಡಗಿದ ಮೇಲೆ ಬೆರಳು ಬಿಚ್ಚಿದಳು. ಅವಳವು ಬಿಚ್ಚಿಕೊಂಡವು. ಉಂಗುರವನ್ನು ಮೊಳೆಗೆ ಹಾಕಿ, ಎದ್ದು, ಮೂವತ್ತೊಂಬತ್ತು ಅಡಿ ನಡೆದು ಹೋಗಿ ಕುಕ್ಕರುಗಾಲಲ್ಲಿ ಕೂತು, ತಂತಿ ಎಳೆದು ಹಿಡಿದಳು. ತುದಿಯ ಆಚೆ ಎರಡು ಬೆರಳಿಟ್ಟಳು. ಈ ಸಲ ಬೆರಳು ತಾವಾಗಿ ಬರಲಿಲ್ಲ, ಅವಳೇ ಇಟ್ಟಳು. ಅದರಾಚೆ ಮೊಳೆ ಹೊಡೆದಳು.